ವ್ಯೋಸಾ ನದಿಗೆ ಅಷ್ಟೊಂದು ಸದ್ದು ಯಾಕೆ?

ಅಲ್ಬೇನಿಯಾ ಅಂದ್ರೆ ಬಂಕರ್‌ಗಳು ಬಿಟ್ಟು ಬೇರೇನಿದೆ, ಒಂದು ನದಿಯನ್ನೇ ರಾಷ್ಟ್ರೀಯ ಉದ್ಯಾನ ಮಾಡಿದ್ದಾರಂತೆ ನಿಜವಾ ಅಂತ ಕೇಳಿದ್ದೀರಿ. ನಿಜ. 2023ರ ಮಾರ್ಚ್‌ನಲ್ಲಿ ಘೋಷಣೆ ಆಯಿತು.

ವ್ಯೋಸಾ ಹುಟ್ಟುವುದು ಗ್ರೀಸಿನ ಪಿಂಡಸ್ ಬೆಟ್ಟಗಳಲ್ಲಿ, ಅಲ್ಲಿ ಅದರ ಹೆಸರು ಆವೋಸ್. ಒಟ್ಟು ಸುಮಾರು 270 ಕಿ.ಮೀ. ಹರಿದು ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಅಲ್ಬೇನಿಯಾದ ಭಾಗದಲ್ಲಿ ಮುಖ್ಯ ಹರಿವಿಗೆ ಅಡ್ಡ ಒಂದೂ ಅಣೆಕಟ್ಟು ಇಲ್ಲ, ವಿಶೇಷ ಇರುವುದೇ ಅಲ್ಲಿ. ಕಲಿವಾಚ್ ಅನ್ನೋ ಜಾಗದಲ್ಲಿ ಕಟ್ಟಲು ಶುರುಮಾಡಿ ಅರ್ಧಕ್ಕೇ ಬಿಟ್ಟರು. ತಡೆ ಇಲ್ಲದ ಕಾರಣ ನದಿ ಮರಳು, ಜಲ್ಲಿಕಲ್ಲು ಹೊತ್ತು ತಂದು ಅಗಲವಾಗಿ ಹರಡುತ್ತದೆ, ನೀರು ಜಡೆ ಬಿಚ್ಚಿದ ಹಾಗೆ ಹತ್ತಾರು ಕವಲಾಗಿ ಹರಿಯುತ್ತದೆ, ಒಂದು ಪ್ರವಾಹ ಬಂದು ಹೋದರೆ ದಾರಿಯೇ ಬದಲು. ಯುರೋಪಿನಲ್ಲಿ ಇಂಥ ನದಿ ಈಗ ತುಂಬಾ ಅಪರೂಪ.

ಹೋಗೋದಾದರೆ ಪೆರ್ಮೆತ್ ಊರಿನಲ್ಲಿ ಉಳಿಯಿರಿ. ಹತ್ತಿರದ ಬೆನ್ಯಾದಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ಪಕ್ಕದಲ್ಲೇ ಆಟೋಮನ್ ಕಾಲದ ಕಮಾನು ಸೇತುವೆ. ಊರಿನ ತಿಂಡಿ ಗ್ಲಿಕೋ, ಅಂದ್ರೆ ಸಕ್ಕರೆ ಪಾಕದಲ್ಲಿ ಇಟ್ಟ ಹಣ್ಣು. ಎಳೆ ಹಸಿರು ಅಕ್ರೋಟದ್ದನ್ನು ಬಿಡಬೇಡಿ. ಚಿಪ್ಪು ಗಟ್ಟಿಯಾಗುವ ಮೊದಲೇ ಕಿತ್ತು, ಸಿಪ್ಪೆ ಹೆರೆದು, ಇಡೀ ಕಾಯನ್ನೇ ಪಾಕಕ್ಕೆ ಹಾಕುತ್ತಾರೆ, ಅದು ಕಪ್ಪಗಾಗುತ್ತದೆ. ನೋಡೋಕೆ ಅಷ್ಟು ಚೆನ್ನಾಗಿಲ್ಲ, ಸುಮ್ನೆ ಕಣ್ಣುಮುಚ್ಚಿ ತಿನ್ನಿ! ಚಿಕ್ಕ ತಟ್ಟೆಯಲ್ಲಿ ಕೊಡ್ತಾರೆ, ಜೊತೆಗೆ ಒಂದು ಲೋಟ ನೀರು. ಸಿಹಿ ಸ್ವಲ್ಪ ಜಾಸ್ತಿನೇ, ಆ ನೀರು ಬೇಕಾಗುತ್ತೆ.