ಲೇತ್ ಅವನಿಗೆ, ರೆಕಾರ್ಡ್ ಬುಕ್ ಅವಳಿಗೆ ಯಾಕೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಉತ್ತರಿಸುವವರು: ಕಲಬುರಗಿಯ ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕಿ, ಮೆಕ್ಯಾನಿಕಲ್ ವಿಭಾಗ

ಪ್ರಶ್ನೆ: ಮೇಡಂ, ನನ್ನ ಮಗಳು ಈ ಸಲ ಪಿಯು ಸೈನ್ಸ್ ಮುಗಿಸಿದ್ದಾಳೆ. ಸಿಇಟಿ ರ‍್ಯಾಂಕ್ ತಕ್ಕಮಟ್ಟಿಗೆ ಬಂದಿದೆ. ಮೆಕ್ಯಾನಿಕಲ್ಲೇ ಬೇಕು ಎಂದು ಹಟ ಹಿಡಿದಿದ್ದಾಳೆ. ನಮ್ಮ ಅಣ್ಣತಮ್ಮಂದಿರು, ಬೀಗರು ಎಲ್ಲ "ಹೆಣ್ಣುಮಗಳಿಗೆ ಕಂಪ್ಯೂಟರ್ ಸೈನ್ಸೇ ಛಲೋ, ಎಸಿಯಾಗ ಕುಂತು ಕೆಲಸ" ಅನ್ನುತ್ತಾರೆ. ನಾನು ಸಿಮೆಂಟ್ ಲಾರಿ ಓಡಿಸುವವನು. ನನಗೆ ಇದೆಲ್ಲ ತಿಳಿಯುವುದಿಲ್ಲ. ಏನು ಮಾಡಲಿ?
ಒಬ್ಬ ತಂದೆ, ಚಿತ್ತಾಪುರ ತಾಲೂಕು

ಉತ್ತರ: ಲಾರಿ ಓಡಿಸುವವರಿಗೆ ಮೆಕ್ಯಾನಿಕಲ್ ತಿಳಿಯುವುದಿಲ್ಲ ಅಂದರೆ ನಾನು ನಂಬುವುದಿಲ್ಲ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ನನಗಿಂತ ಮೊದಲು ನಿಮ್ಮ ಮೂಗಿಗೆ ಬರುತ್ತದೆ. ಮಗಳಿಗೆ ಈ ಆಸೆ ಎಲ್ಲಿಂದ ಬಂತು ಅಂತ ಸುಮ್ನೆ ಒಮ್ಮೆ ಕೇಳಿ ನೋಡಿ. ನಿಮ್ಮ ಲಾರಿಯಿಂದಲೇ ಬಂದಿರಬಹುದು.

ಕಂಪ್ಯೂಟರ್ ಸೈನ್ಸ್ ಕೆಟ್ಟದ್ದೇನಲ್ಲ. ಅದನ್ನೇ ಇಷ್ಟಪಟ್ಟು ಓದುವ ಹುಡುಗಿಯರು ಬೇಕಾದಷ್ಟಿದ್ದಾರೆ. ಆದರೆ ನಿಮ್ಮ ಮಗಳು ಕೇಳುತ್ತಿರುವುದು ಅದನ್ನಲ್ಲ. ಒಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದವರು 57.2 ಲಕ್ಷ. ಅವರಲ್ಲಿ 29.8 ಲಕ್ಷ ಹೆಣ್ಣುಮಕ್ಕಳು, ಅಂದರೆ ಅರ್ಧಕ್ಕಿಂತ ಜಾಸ್ತಿ. ಎಂಜಿನಿಯರಿಂಗ್ ಪದವಿಗೆ ಬಂದರೆ ಹತ್ತರಲ್ಲಿ ಮೂವರು ಮಾತ್ರ. ವಿಜ್ಞಾನದವರಲ್ಲಿ ಜೀವಶಾಸ್ತ್ರದವರೂ ಸೇರಿದ್ದಾರೆ, ಒಪ್ಪುತ್ತೇನೆ. ಆದರೂ ಲೆಕ್ಕ, ಫಿಸಿಕ್ಸ್ ಚೆನ್ನಾಗಿ ಬರುವ ಎಷ್ಟೋ ಹುಡುಗಿಯರ ದಾರಿ ಬದಲಾಗುವುದು ಮನೆಯಲ್ಲಿ, ಕಾಲೇಜು, ಕೋರ್ಸ್ ಆಯ್ಕೆ ತುಂಬುವ ಆಪ್ಷನ್ ಎಂಟ್ರಿಯ ಹಿಂದಿನ ರಾತ್ರಿ ಕೂರುವ ಪಂಚಾಯಿತಿಯಲ್ಲಿ. ಆ ಪಂಚಾಯಿತಿಯಲ್ಲಿ ಹುಡುಗಿಯ ಮಾತು ಕೊನೆಗೆ ಕೇಳುತ್ತಾರೆ. ಕೆಲವು ಮನೆಗಳಲ್ಲಿ ಕೇಳುವುದೇ ಇಲ್ಲ.

"ಭಾರ ಎತ್ತಬೇಕಲ್ಲ" ಅನ್ನುತ್ತಾರೆ. ಯಾವ ಎಂಜಿನಿಯರ್ ಗೇರ್‌ಬಾಕ್ಸನ್ನು ಹೆಗಲ ಮೇಲೆ ಹೊರುತ್ತಾನೆ? ಅದಕ್ಕೆ ಚೈನ್ ಪುಲ್ಲಿ ಇದೆ, ಕ್ರೇನ್ ಇದೆ. ನೀವು ಮಾಲು ತುಂಬಿಸಿಕೊಳ್ಳುವ ಸಿಮೆಂಟ್ ಕಾರ್ಖಾನೆಯಲ್ಲಿ ಕಿಲ್ನ್ (ಸುಣ್ಣಕಲ್ಲು ಸುಡುವ ಕುಲುಮೆ) ಓಡಿಸುವವರು ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುತ್ತಾ ಕೂತಿರುತ್ತಾರೆ. ಹೊರಗಿನ ಕೆಲಸ ಅಂದರೆ ಬೇರಿಂಗ್ ಎಷ್ಟು ಬಿಸಿಯಾಗಿದೆ, ಶಾಫ್ಟ್ ಅಲೈನ್‌ಮೆಂಟ್ ಸರಿ ಇದೆಯಾ, ಫ್ಯಾನ್ ಯಾಕೆ ನಡುಗುತ್ತಿದೆ ಎಂದು ನೋಡುವುದು. ಇದಕ್ಕೆ ಬೇಕಿರುವುದು ಕಣ್ಣು, ಕಿವಿ, ತಾಳ್ಮೆ.

ನಿಜ ಸಂಗತಿಯನ್ನೂ ಹೇಳಬೇಕು. ಕಾಲೇಜು ಮುಗಿದ ಕೂಡಲೇ ಸಿಗುವ ಕೆಲಸ, ಮೊದಲ ಸಂಬಳ ಎರಡರಲ್ಲೂ ಸಾಫ್ಟ್‌ವೇರ್ ಮುಂದಿದೆ. ಮೆಕ್ಯಾನಿಕಲ್‌ನವರು ಸ್ವಲ್ಪ ಕಾಯಬೇಕು. ಕ್ಯಾಡ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವುದು) ಕಲಿಯಬೇಕು, ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆ ಅಥವಾ ರೈಲ್ವೆಯ ಜೂನಿಯರ್ ಎಂಜಿನಿಯರ್ ಪರೀಕ್ಷೆಗೆ ತಯಾರಾಗಬೇಕು. ನಮ್ಮ ಕಡೆ ಕೆಲಸವೇ ಇಲ್ಲ ಅನ್ನುವುದು ಮಾತ್ರ ಸುಳ್ಳು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿವೆ, ಯಾದಗಿರಿಯ ಬಡಿಯಾಳದಲ್ಲಿ ರೈಲ್ವೆ ಬೋಗಿ ಕಾರ್ಖಾನೆ ಇದೆ, ಹುಮನಾಬಾದ್ ಕೈಗಾರಿಕಾ ಪ್ರದೇಶ ಇದೆ.

"ಹೆಣ್ಣುಮಕ್ಕಳು ಯಾರು ಓದಿದ್ದಾರೆ?" ಎಂದು ಬೀಗರು ಕೇಳಿದರೆ ಎ. ಲಲಿತಾ ಅವರ ಹೆಸರು ಹೇಳಿ. 18ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು, ಕಂಕುಳಲ್ಲಿ ಕೂಸು. ಮದ್ರಾಸಿನ ಗಿಂಡಿ ಕಾಲೇಜು ಸೇರಿ 1940ರ ದಶಕದಲ್ಲೇ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಅಚ್ಚಾದ ಪದವಿ ಪತ್ರದಲ್ಲಿ 'ಅವನು' ಎಂದೇ ಇತ್ತು. ಅದನ್ನು ಹೊಡೆದುಹಾಕಿ ಪೆನ್ನಿನಲ್ಲಿ 'ಅವಳು' ಎಂದು ತಿದ್ದಿ ಕೊಟ್ಟರು. ಭಾಕ್ರಾ ನಂಗಲ್ ಅಣೆಕಟ್ಟೆಯ ವಿದ್ಯುತ್ ಕೆಲಸದಲ್ಲೂ ಅವರ ಕೈ ಇತ್ತು.

ಸೀಟು ಕೊಡಿಸುವ ಮುಂಚೆ ನೀವು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಮೂರನೇ ವರ್ಷಕ್ಕೆ ಇಂಟರ್ನ್‌ಶಿಪ್ ಪುಣೆಯಲ್ಲಿ ಸಿಕ್ಕರೆ ಕಳಿಸುತ್ತೀರಾ? ಇಲ್ಲ ಅನ್ನುವುದಾದರೆ ಈಗಲೇ ಮಗಳ ಜೊತೆ ಕೂತು ಮಾತಾಡಿ. ಓದಿಸಿ, ಆಮೇಲೆ ಹೊಸ್ತಿಲಲ್ಲಿ ನಿಲ್ಲಿಸುವ ತಂದೆ-ತಾಯಿಯನ್ನು ನಾನು ಬಹಳ ಕಂಡಿದ್ದೇನೆ.

ಪ್ರಶ್ನೆ: ನಾನು ಶಹಾಪುರದವಳು. ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷ. ಬ್ಯಾಚಿನಲ್ಲಿ ನಾವು ನಾಲ್ಕೇ ಹುಡುಗಿಯರು. ಲ್ಯಾಬಿನಲ್ಲಿ ಯಾವಾಗಲೂ ಹುಡುಗರೇ ಮಷೀನ್ ಮುಂದೆ ನಿಲ್ಲುತ್ತಾರೆ. ನಮಗೆ "ನಿಮ್ಮ ಅಕ್ಷರ ಛಲೋ ಅದಾವ, ರೀಡಿಂಗ್ ಬರೀರಿ" ಅನ್ನುತ್ತಾರೆ. ಸರ್ ನೋಡಿಯೂ ಏನೂ ಅನ್ನುವುದಿಲ್ಲ. ಜಗಳ ಮಾಡಿದರೆ ನೋಟ್ಸ್ ಕೊಡುವುದಿಲ್ಲ ಎಂಬ ಭಯ.

ಉತ್ತರ: ನೋಡವ್ವಾ, ಈ ಸಲ ಬಂದ ಪತ್ರಗಳಲ್ಲಿ ನಿನ್ನದನ್ನೇ ನಾನು ಎರಡು ಸಲ ಓದಿದೆ. ಹೆಣ್ಣುಮಕ್ಕಳಿಗೆ ಸೀಟು ಕೊಟ್ಟಾಗಿದೆ, ಸ್ಕಾಲರ್‌ಶಿಪ್ ಕೊಟ್ಟಾಗಿದೆ ಅಂತ ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತೇವೆ. ಒಳಗೆ ಬಂದ ಮೇಲೆ ಮಷೀನ್ ಮುಟ್ಟುವವರು ಯಾರು ಅಂತ ಯಾರೂ ನೋಡುವುದಿಲ್ಲ. ಇದನ್ನು ಚಿಕ್ಕ ವಿಷಯ ಅಂದುಕೊಳ್ಳಬೇಡ. ಇವತ್ತು ಲ್ಯಾಬಿನಲ್ಲಿ ರೀಡಿಂಗ್ ಬರೆಯುವವಳಿಗೆ ನಾಳೆ ಕಾರ್ಖಾನೆಯಲ್ಲೂ ಫೈಲು, ರಿಜಿಸ್ಟರ್ ಕೆಲಸವೇ ಬರುತ್ತದೆ. ಪ್ರಮೋಷನ್ ಸಮಯದಲ್ಲಿ "ಶಾಪ್ ಫ್ಲೋರ್ ಅನುಭವ ಇಲ್ಲ" ಅಂತ ಅವರೇ ಹೇಳುತ್ತಾರೆ.

ಕೈಗೆ ಬರದೆ ಏನು ತಪ್ಪಿಹೋಗುತ್ತದೆ ಎಂದು ಹೇಳುತ್ತೇನೆ. ಲೇತ್ (ಲೋಹದ ರಾಡನ್ನು ತಿರುಗಿಸಿ ಕಡಿಯುವ ಮಷೀನ್) ಮೇಲೆ 25 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡ್ ಹಿಡಿದಿದ್ದೀಯ ಅಂದುಕೋ. ಅದನ್ನು 24ಕ್ಕೆ ಇಳಿಸಬೇಕು. ಕಡಿಯುವ ಟೂಲನ್ನು ಎಷ್ಟು ಒಳಗೆ ಕೊಡುತ್ತೀಯ? ರೆಕಾರ್ಡ್ ಮಾತ್ರ ಬರೆದವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಥಟ್ಟನೆ "1 ಮಿ.ಮೀ." ಅನ್ನುತ್ತಾರೆ. ರಾಡ್ ತಿರುಗುತ್ತಾ ಸುತ್ತಲೂ ಕಡಿಯುವುದರಿಂದ ಅರ್ಧ ಮಿ.ಮೀ. ಕೊಟ್ಟರೆ ಸಾಕು, ವ್ಯಾಸದಲ್ಲಿ 1 ಮಿ.ಮೀ. ಹೋಗುತ್ತದೆ. ಒಮ್ಮೆ ಒಂದು ಜಾಬ್ (ಮಷೀನ್ ಮೇಲೆ ಕಡಿಯುವ ತುಂಡು) ಕೆಡಿಸಿಕೊಂಡರೆ ಇದು ಜನ್ಮದಲ್ಲಿ ಮರೆಯುವುದಿಲ್ಲ. ಇನ್ನೊಂದು, ಬ್ಯಾಕ್‌ಲ್ಯಾಶ್. ಟೂಲನ್ನು ಒಳಗೆ ಹೊರಗೆ ಸರಿಸುವ ಕ್ರಾಸ್ ಸ್ಲೈಡಿನ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದಾಗ ಡಯಲ್ ಓಡುತ್ತದೆ, ಆದರೆ ಟೂಲ್ ಸ್ವಲ್ಪ ಹೊತ್ತು ಅಲುಗುವುದೇ ಇಲ್ಲ. ಆ ಸಡಿಲ ಎಷ್ಟು ಅಂತ ಪುಸ್ತಕದಲ್ಲಿ ಇರುವುದಿಲ್ಲ, ನಿನ್ನ ಮಣಿಕಟ್ಟಿಗೆ ಗೊತ್ತಾಗಬೇಕು. ಫೀಡ್ (ಟೂಲ್ ಸಾಗುವ ವೇಗ) ಜಾಸ್ತಿಯಾದರೆ ಟೂಲ್ ಕಿರ್ರ್ ಅನ್ನುವ ಸದ್ದೂ ಹಾಗೆಯೇ. ದೂರ ಕೂತು ಬರೆಯುವವಳಿಗೆ ಅದು ಬರೀ ಗದ್ದಲ.

ಮಾಡಬೇಕಾದ್ದು ಇಷ್ಟು. ಒಬ್ಬಳೇ ಹೋಗಬೇಡ, ನಾಲ್ವರೂ ಸೇರಿ ಸರ್ ಹತ್ತಿರ ಹೋಗಿ. ಹುಡುಗರ ಮೇಲೆ ದೂರು ಹೇಳಬೇಡಿ. "ಸರ್, ಹಾಜರಿ ನಂಬರಿನ ಪ್ರಕಾರ ಮಷೀನ್ ಪಾಳಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾವೇ ಜಾಬ್ ಮಾಡಬೇಕಲ್ಲ" ಅನ್ನಿ. ಪರೀಕ್ಷೆಯ ಹೆಸರು ಹೇಳಿದರೆ ಯಾವ ಉಪನ್ಯಾಸಕರೂ ಇಲ್ಲ ಅನ್ನುವುದಿಲ್ಲ. ಪಟ್ಟಿ ಗೋಡೆ ಮೇಲಿದ್ದರೆ ದಿನಾ ಜಗಳ ಮಾಡುವುದು ತಪ್ಪುತ್ತದೆ. ಲ್ಯಾಬಿನಲ್ಲಿ "ಇವತ್ತು ನನ್ನ ಪಾಳಿ, ರೀಡಿಂಗ್ ನೀ ಬರಕೋ" ಅಂತ ನಗುತ್ತಲೇ ಹೇಳಿ ಮಷೀನ್ ಮುಂದೆ ಹೋಗಿ ನಿಲ್ಲು. ಲ್ಯಾಬ್ ಇನ್‌ಸ್ಟ್ರಕ್ಟರ್ ಜೊತೆ ಚೆನ್ನಾಗಿರು. ಅವರಲ್ಲಿ ಬಹಳ ಜನ ಹಳೆಯ ಐಟಿಐ ಕೈಗಳು. ಕಲಿಯಲು ಬಂದವರನ್ನು ಕಂಡರೆ ಅವರಿಗೆ ಖುಷಿ.

ನೋಟ್ಸ್ ವಿಷಯಕ್ಕೆ ನನಗೆ ನಗು ಬಂತು. ಅಕ್ಷರ ಛಲೋ ಇರುವುದು ನಿಮ್ಮದಲ್ವಾ? ನೋಟ್ಸಿಗೆ ಅವರೇ ನಿಮ್ಮ ಹತ್ತಿರ ಬರಬೇಕು.

"ದುಪಟ್ಟಾ ಸಿಕ್ಕಿಕೊಳ್ಳುತ್ತೆ, ಹುಡುಗಿಯರು ದೂರ ಇರಿ" ಎಂದು ಯಾರಾದರೂ ಅಂದರೆ ಅದಕ್ಕೂ ಉತ್ತರ ಇಟ್ಟುಕೋ. ದುಪಟ್ಟಾ ಬಿಚ್ಚಿಡು, ಕೂದಲು ಗಂಟು ಹಾಕಿ ಕ್ಯಾಪ್ ಹಾಕಿಕೋ, ಬಳೆ ಉಂಗುರ ತೆಗೆದಿಡು, ಏಪ್ರನ್ ಶೂ ಇರಲಿ. ತಿರುಗುವ ಮಷೀನ್ ಮೇಲೆ ಗ್ಲೌಸ್ ಬೇಡ. ಚಕ್ ಕೀ (ರಾಡ್ ಹಿಡಿಯುವ ಚಕ್ ಬಿಗಿಸುವ ಕೀಲಿ) ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಬೇಡ. ಇದೆಲ್ಲ ಹುಡುಗರಿಗೂ ಅನ್ವಯಿಸುತ್ತದೆ. ಕೈಗೆ ದಾರ, ಕಡಗ ಹಾಕಿಕೊಂಡು, ತೋಳು ಸಡಿಲ ಬಿಟ್ಟುಕೊಂಡು ಲೇತ್ ಮುಂದೆ ನಿಂತವರನ್ನು ನಾನು ಎಷ್ಟು ಸಲ ಹೊರಗೆ ಕಳಿಸಿದ್ದೇನೋ.

ಮಾತು ಇಷ್ಟಕ್ಕೇ ನಿಲ್ಲದೆ ಯಾರಾದರೂ ಅಸಹ್ಯವಾಗಿ ಆಡಿದರೆ, ಮೈ ತಾಗಿಸಿದರೆ ಆಗ ದಾರಿ ಬೇರೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕೆ ಬರೆದು ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ, ಔರಾದ್ ತಾಲೂಕು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ ತೆಗೆದಿದ್ದಾಳೆ. ಡಿಪ್ಲೊಮಾ ಓದಿಸಬೇಕೆಂದಿದ್ದೇನೆ. ಖರ್ಚು ನಿಭಾಯಿಸುವುದು ಹೇಗೆ ಅಕ್ಕ?

ಉತ್ತರ: ಎಐಸಿಟಿಇಯ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್ ಹೆಣ್ಣುಮಕ್ಕಳಿಗೆಂದೇ ಇದೆ. ಡಿಪ್ಲೊಮಾ, ಎಂಜಿನಿಯರಿಂಗ್ ಎರಡಕ್ಕೂ ವರ್ಷಕ್ಕೆ 50,000 ರೂಪಾಯಿ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳಿಗೆ ಸಿಗುತ್ತದೆ. ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ಲಿನಲ್ಲಿ. ಸೇರಿದ ಮೊದಲ ವರ್ಷವೇ ಹಾಕಬೇಕು. ಕೊನೆಯ ದಿನದವರೆಗೆ ಕಾಯಬೇಡಿ. ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಅಲ್ಲೇ.

ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371(ಜೆ) ಅರ್ಹತಾ ಪತ್ರಕ್ಕೂ ಈಗಲೇ ಅರ್ಜಿ ಕೊಡಿ. ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರುವಾಗ, ಮುಂದೆ ಸರ್ಕಾರಿ ಕೆಲಸಕ್ಕೆ, ಎರಡಕ್ಕೂ ಬೇಕಾಗುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಕಲ್ಯಾಣ ಕರ್ನಾಟಕದವರಿಗೆ ಮೀಸಲು.

ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಶಕ್ತಿ ಯೋಜನೆ ಇದೆ. ಆದರೆ ಟಿಕೆಟ್ಟಿಗಿಂತ ದೊಡ್ಡ ತಲೆನೋವು ಬಸ್ಸಿನ ಹೊತ್ತು. ಪ್ರಾಕ್ಟಿಕಲ್ ಇರುವುದು ಸಾಮಾನ್ಯವಾಗಿ ಮಧ್ಯಾಹ್ನ. ಕೊನೆಯ ಬಸ್ಸು ತಪ್ಪುತ್ತದೆ ಅಂತ ಹುಡುಗಿ ಲ್ಯಾಬಿನಿಂದ ಅರ್ಧಕ್ಕೆ ಎದ್ದು ಬಂದರೆ ಓದಿಸಿದ್ದು ಅರ್ಧವೇ ಆಯಿತು. ಊರಿಂದ ಓಡಾಡಿಸುವ ಬದಲು ಹಾಸ್ಟೆಲ್ಲಿಗೆ ಅರ್ಜಿ ಹಾಕಿ.

ಪ್ರಶ್ನೆ: ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಮದುವೆಯಾಯಿತು. ಇಬ್ಬರು ಮಕ್ಕಳು. ಏಳು ವರ್ಷದಿಂದ ಮನೆಯಲ್ಲಿದ್ದೇನೆ. ಮತ್ತೆ ಶುರು ಮಾಡಬಹುದೇ?
ಗೃಹಿಣಿ, ಕಲಬುರಗಿ

ಉತ್ತರ: ಮಾಡಬಹುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಹೆಣ್ಣುಮಕ್ಕಳಿಗೆಂದೇ ಇರುವುದು. ಅದರಲ್ಲಿ ಪಿಎಚ್‌.ಡಿ.ಗೆ ಫೆಲೋಶಿಪ್ ಇದೆ. ಪೇಟೆಂಟ್ ಕೆಲಸದ ತರಬೇತಿಯೂ ಇದೆ, ಲ್ಯಾಬಿನಲ್ಲಿ ದಿನವಿಡೀ ನಿಲ್ಲಲು ಆಗದವರಿಗೆ ಅದು ಒಳ್ಳೆಯ ದಾರಿ ಅನ್ನುವುದು ನನ್ನ ಅಭಿಪ್ರಾಯ. ಪಿಎಚ್‌.ಡಿ. ಮಾಡುವುದಾದರೆ ಗುಲಬರ್ಗಾ ವಿಶ್ವವಿದ್ಯಾಲಯವೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಮನೆ ಹತ್ತಿರವೇ ಇವೆ. ಯುಜಿಸಿಯ 2022ರ ನಿಯಮದ ಪ್ರಕಾರ ಮಹಿಳೆಯರಿಗೆ ಪಿಎಚ್‌.ಡಿ. ಮುಗಿಸಲು ಎರಡು ವರ್ಷ ಹೆಚ್ಚಿಗೆ ಸಿಗುತ್ತದೆ, ಹೆರಿಗೆ ಅಥವಾ ಮಕ್ಕಳ ಆರೈಕೆಗೆ 240 ದಿನ ರಜೆಯೂ ಇದೆ.

ಬೇಗ ದುಡಿಮೆ ಬೇಕು ಅನ್ನುವುದಾದರೆ ಸಿಮೆಂಟ್ ಕಾರ್ಖಾನೆಗಳ ಕ್ವಾಲಿಟಿ ಲ್ಯಾಬ್ ನೋಡಿ. ಸುಣ್ಣಕಲ್ಲು, ಕ್ಲಿಂಕರ್ (ಕಿಲ್ನಿನಲ್ಲಿ ಸುಟ್ಟು ಬರುವ ಉಂಡೆ) ಪರೀಕ್ಷೆ ಮಾಡಲು ಅಲ್ಲಿ ಕೆಮಿಸ್ಟ್ರಿಯವರೇ ಬೇಕು. ಬಯೋಡೇಟಾದಲ್ಲಿ ಏಳು ವರ್ಷದ ಅಂತರವನ್ನು ಮುಚ್ಚಿಡಬೇಡಿ, ಮಕ್ಕಳನ್ನು ಬೆಳೆಸಿದೆ ಎಂದು ನೇರ ಬರೆಯಿರಿ.

ಅರ್ಜಿ ಹಾಕುವ ಮೊದಲು ಯಜಮಾನರ ಜೊತೆ ಕೂತು ಒಂದು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ: ಮಧ್ಯಾಹ್ನ ಶಾಲೆ ಬಿಟ್ಟಾಗ ಮಕ್ಕಳನ್ನು ಕರೆತರುವವರು ಯಾರು? "ಎಲ್ಲ ಹೊಂದಿಸೋಣ" ಎಂಬ ಮಾತು ನಂಬಬೇಡಿ. ಹೊಂದಿಸುವವರ ಹೆಸರು, ವಾರ, ಹೊತ್ತು ತಿಳಿಯಬೇಕು.

ಪ್ರಶ್ನೆ: ನಾನು ಸೇಡಂ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಹುಡುಗಿಯರನ್ನು ಟ್ರೇನಿಯಾಗಿ ತೆಗೆದುಕೊಳ್ಳೋಣ ಅಂದರೆ ರಾತ್ರಿ ಪಾಳಿಗೆ, ಗಣಿಗೆ ಕಾನೂನೇ ಬಿಡುವುದಿಲ್ಲ ಅಲ್ವಾ?

ಉತ್ತರ: ಅದು ಹಳೆಯ ಮಾತು ಸರ್. 1952ರ ಗಣಿ ಕಾಯ್ದೆ ಹಾಗೆ ಹೇಳುತ್ತಿತ್ತು, ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿತು. ತೆರೆದ ಗಣಿಯಲ್ಲಿ ರಾತ್ರಿಯೂ ಹೆಣ್ಣುಮಕ್ಕಳು ಕೆಲಸ ಮಾಡಬಹುದು, ಅವರ ಲಿಖಿತ ಒಪ್ಪಿಗೆ ಇರಬೇಕು. ನಮ್ಮ ಸುಣ್ಣಕಲ್ಲಿನ ಗಣಿಗಳೆಲ್ಲ ತೆರೆದವೇ. ಕಾರ್ಖಾನೆಯ ರಾತ್ರಿ ಪಾಳಿಗೆ ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದಿದೆ. 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯೂ ಒಪ್ಪಿಗೆ, ಸುರಕ್ಷತೆ ಇದ್ದರೆ ರಾತ್ರಿ ಕೆಲಸಕ್ಕೆ ಬಿಡುತ್ತದೆ. ವಾಹನ, ಬೆಳಕು, ಭದ್ರತೆಯ ಹೊಣೆ ನಿಮ್ಮದು.

ಕಾನೂನಿಗಿಂತ ಮುಂಚೆ ಅಡ್ಡ ಬರುವುದು ಬೇರೆ. ಪ್ಲಾಂಟಿನ ಒಳಗೆ ಹೆಂಗಸರ ಶೌಚಾಲಯ ಎಲ್ಲಿದೆ? ಆಡಳಿತ ಕಚೇರಿಯಲ್ಲಿ ಮಾತ್ರ ಇದ್ದರೆ, ಕ್ರಷರ್ ಹತ್ತಿರ ಇರುವ ಹುಡುಗಿ ಅಷ್ಟು ದೂರ ನಡೆಯುವ ಬದಲು ನೀರು ಕುಡಿಯುವುದನ್ನೇ ಬಿಡುತ್ತಾಳೆ, ಅದೂ ಕಲಬುರಗಿಯ ಮೇ ತಿಂಗಳಲ್ಲಿ. ಆಮೇಲೆ ಸ್ಟೋರಿಗೆ ಹೋಗಿ ಸೇಫ್ಟಿ ಶೂ ನೋಡಿ. 7ನೇ ನಂಬರಿನಿಂದ ಮೇಲಿನವೇ ಇರುತ್ತವೆ. ಅಳತೆಗೆ ಬಾರದ ಶೂ ಹಾಕಿಕೊಂಡು ಅವಳು ಏಣಿ ಹತ್ತುವುದು ಬೇಡ. 4, 5ನೇ ನಂಬರಿನವು, ಸಣ್ಣ ಅಳತೆಯ ಹಾರ್ನೆಸ್ (ಎತ್ತರದಿಂದ ಬೀಳದಂತೆ ಕಟ್ಟಿಕೊಳ್ಳುವ ಪಟ್ಟಿ) ಇವಕ್ಕೆ ಇಂಡೆಂಟ್ ಹಾಕಿಸಿ. ಆರ್ಡರ್ ಕೊಟ್ಟು ತರಿಸಲು ಸ್ಟೋರಿನವರು ಎಷ್ಟು ದಿನ ಹಿಡಿಸುತ್ತಾರೆ ಅಂತ ನಿಮಗೇ ಗೊತ್ತು, ಅದಕ್ಕೆ ಇಂಟರ್‌ವ್ಯೂ ಕರೆಯುವ ಮೊದಲೇ ಹಾಕಿಸಿ.