ಎಲ್ರೂ ತಗೊಳ್ತಾರೆ ಮೇಡಂ

ಓಟಕ್ಕೆ ಬಲ ಬರಲಿ ಅಂತ ಸ್ಟೆರಾಯ್ಡ್ ಮಾತ್ರೆ ನುಂಗಿ, ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದವರಲ್ಲಿ ಈ ಹುಡುಗ ನಾಲ್ಕನೆಯವನು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಂಡ್ಯ ಕಡೆಯ ಹುಡುಗ, 17 ವರ್ಷ, 400 ಮೀಟರ್ ಓಡುತ್ತಾನೆ. ಮೈಸೂರಿನಲ್ಲಿ ಪಿಯುಸಿ, ಹಾಸ್ಟೆಲ್. ಅಮ್ಮ ಕರೆದುಕೊಂಡು ಬಂದಿದ್ದು ಅವನ ಸಿಟ್ಟಿನ ಕಾರಣಕ್ಕೆ. ಊರಿಗೆ ಬಂದಾಗ ತಟ್ಟೆ ಎಸೆಯುತ್ತಾನೆ, ರಾತ್ರಿ ನಿದ್ದೆ ಇಲ್ಲ, ಬೆನ್ನ ತುಂಬಾ ಮೊಡವೆ ಅಂದರು. ಮೊಡವೆ ಅಂದಾಗಲೇ ನನಗೆ ಅನುಮಾನ ಬಂತು. ಅಮ್ಮನನ್ನು ಹೊರಗೆ ಕೂರಿಸಿ ಕೇಳಿದೆ. ಮೊದಲು ಪ್ರೋಟೀನ್ ಡಬ್ಬ, ಆಮೇಲೆ ಓಡುವ ಮುಂಚೆ ಒಂದು ಪುಡಿ, ಆಮೇಲೆ ಸೀನಿಯರ್ ಕೊಟ್ಟ 'ಸ್ಟ್ರೆಂತ್ ಮಾತ್ರೆ'. ಸ್ಟ್ರಿಪ್ ಮೇಲೆ ಸ್ಟಾನೋಜೊಲಾಲ್ ಅಂತಿತ್ತು, ಅಂದರೆ ಸ್ಟೆರಾಯ್ಡ್, ಸ್ನಾಯು ಬೆಳೆಸುವ ಹಾರ್ಮೋನ್ ತರಹದ ಔಷಧಿ, ಕ್ರೀಡೆಯಲ್ಲಿ ನಿಷೇಧ.

ಮೂರನೇ ಸಲ ಬಂದಾಗ ಅವನು ಹೇಳಿದ್ದು ಒಂದೇ, "ಎಲ್ರೂ ತಗೊಳ್ತಾರೆ ಮೇಡಂ." ನಾನು ವಾದ ಮಾಡಲಿಲ್ಲ. ಒಂದು ಹಾಳೆ, ಪೆನ್ನು ಕೊಟ್ಟೆ. ನೀನು ಕಣ್ಣಾರೆ ಕಂಡವರ ಹೆಸರು ಬರಿ, ನಾನು ನೋಡಲ್ಲ, ಹರಿದು ಹಾಕು ಅಂದೆ. ಎರಡು ಹೆಸರು ಬರೆದ. ಮೂರನೆಯದಕ್ಕೆ ಪೆನ್ನು ನಿಂತಿತು. ತುಂಬಾ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಹಾಳೆ ಮಡಚುತ್ತಾ ಹೇಳಿದ: "ಬಿಡೋದೇನು ಕಷ್ಟ ಇಲ್ಲ. ಆದ್ರೆ ಬಿಟ್ಟ ಮೇಲೆ ಬರೋ ಟೈಮೇ ನನ್ನ ಟೈಮು ಅಲ್ವಾ? ಅದನ್ನ ನೋಡೋಕೆ ಭಯ."

ಬಲಕ್ಕೆ ಅಂತ ಶುರು ಮಾಡಿದ್ದು, ತಾನು ಅಷ್ಟೇನಾ ಅನ್ನೋ ಭಯ ಮುಚ್ಚಿಡೋಕೆ ಮುಂದುವರಿದಿತ್ತು. ಅಪ್ಪನ ಫೋನ್ ಹೇಗಿರುತ್ತೆ ಅಂತ ಕೇಳಿದೆ. ನಮ್ಮ ಕಡೆ ಯಾರೇ ಫೋನ್ ಮಾಡಿದ್ರೂ ಮೊದಲ ಮಾತು "ಊಟ ಆಯ್ತಾ" ತಾನೇ? ಇವನ ಅಪ್ಪ ಒಂದು ವರ್ಷದಿಂದ "ಟೈಮ್ ಎಷ್ಟು ಬಂತು" ಅಂತ ಶುರು ಮಾಡುತ್ತಿದ್ದರಂತೆ. ಅವರೇನು ಕೆಟ್ಟವರಲ್ಲ, ಕಬ್ಬಿನ ದುಡ್ಡಲ್ಲಿ ಡಬ್ಬ ಕೊಡಿಸಿದವರು.

ನಾನು ಹೇಳಿದ್ದಿಷ್ಟು. ಮೊದಲು ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಬೇಕು, ಯಾಕೆಂದರೆ ಸ್ಟೆರಾಯ್ಡ್ ಬಿಟ್ಟ ಮೇಲೆ ಮನಸ್ಸು ತೀರಾ ಕುಸಿಯಬಹುದು. ಈ ಸೀಸನ್ ಯಾವ ಮೀಟ್‌ಗೂ ಇಳಿಯಬಾರದು. ಅಪ್ಪ ಅಮ್ಮನಿಗೆ ನನ್ನೆದುರೇ ಹೇಳಬೇಕು. ಅಪ್ಪನಿಗೆ ಹೇಳಿದ್ದು, ಒಂದು ತಿಂಗಳು ಟೈಮ್ ಕೇಳಬೇಡಿ ಅಂತ.

ಪರಿಚಯದ ಕೋಚ್ ಒಬ್ಬರು "ಬ್ಯಾನ್ ಅಂತ ಹೆದರಿಸಬೇಕಿತ್ತು, ನೀವು ಮುದ್ದು ಮಾಡ್ತೀರಾ" ಅಂದರು. ಹೆದರಿಸಬಹುದಿತ್ತು. ಡೋಪ್ ಟೆಸ್ಟ್‌ಗೆ ಕೊಟ್ಟ ಸ್ಯಾಂಪಲ್‌ನಲ್ಲಿ ಸಿಕ್ಕರೆ ಸೀನಿಯರ್ ಕೊಟ್ಟ ಅನ್ನೋದು ನಡೆಯಲ್ಲ, ಮೈಯೊಳಗೆ ಏನಿದೆಯೋ ಅದಕ್ಕೆ ಓಡಿದವನೇ ಹೊಣೆ, 4 ವರ್ಷದವರೆಗೂ ಹೊರಗಿಡಬಹುದು. ಲಿವರ್‌ಗೆ ಪೆಟ್ಟು, ಈ ವಯಸ್ಸಿನಲ್ಲಿ ಎತ್ತರ ಬೆಳೆಯೋದೂ ಬೇಗ ನಿಲ್ಲಬಹುದು. ಇದೆಲ್ಲ ಅವನಿಗೆ ಹೇಳಿದೆ, ಆದರೆ ಕೊನೆಗೆ. ಭಯದಿಂದಲೇ ಮಾತ್ರೆ ನುಂಗುವವನಿಗೆ ಇನ್ನೊಂದು ಭಯ ಕೊಟ್ಟರೆ ಇನ್ನೂ ಚೆನ್ನಾಗಿ ಮುಚ್ಚಿಡೋದು ಕಲೀತಾನೆ ಅಷ್ಟೇ. ತಪ್ಪು ಅನ್ನಿಸಿದರೆ ಅನ್ನಿಸಲಿ, ಐದನೆಯವನು ಬಂದರೂ ನಾನು ಹೀಗೇ ಮಾಡುತ್ತೇನೆ.

ಹೋದ ವಾರ ಅಪ್ಪನ ಫೋನ್ ಬಂತು. ಹುಡುಗ ಬೆಳಿಗ್ಗೆ ಓಡ್ತಾನಂತೆ, ವಾಚ್ ಕಟ್ಟಲ್ವಂತೆ. ಅದಕ್ಕಲ್ಲ ಅವರು ಮಾಡಿದ್ದು. "ಮೇಡಂ, ಡಬ್ಬದಲ್ಲಿ ಇನ್ನೂ ಅರ್ಧ ಇದೆ, ದುಡ್ಡು ಕೊಟ್ಟಿದ್ದು. ಹಸೂಗೆ ಬೂಸಾ ಜೊತೆ ಹಾಕಬಹುದಾ?"