ಸಿಟ್ಟು ಜಾಸ್ತಿ ಇದ್ದರೆ ಹೊಕ್ಕುಳ ಬಳಿಯ ಮಣಿಪೂರ ಚಕ್ರ ಕೆಟ್ಟಿದೆ ಅಂತಾರೆ, ನಿಜವೇ?

ಹಾಗೆ ಹೇಳಲು ಆಧಾರವಿಲ್ಲ. ಚಕ್ರಗಳು ದೇಹವನ್ನು ಕೊಯ್ದು ನೋಡಿದರೆ ಸಿಗುವ ಅಂಗಗಳಲ್ಲ, ಧ್ಯಾನಕ್ಕೆಂದು ತಂತ್ರ ಪರಂಪರೆ ಕೊಟ್ಟ ನಕ್ಷೆ.

ಆದರೆ ಭಾವನೆಗಳ ನಂಟು ಈಚೆಗೆ ಸುಮ್ನೆ ಹುಟ್ಟಿದ್ದಲ್ಲ. ಆ ಪರಂಪರೆಯಲ್ಲಿ ಕಮಲದಂತೆ ಚಿತ್ರಿಸುವ ಚಕ್ರದ ಒಂದೊಂದು ದಳಕ್ಕೂ ಒಂದು ವೃತ್ತಿ, ಅಂದರೆ ಮನಸ್ಸಿನಲ್ಲಿ ಏಳುವ ಭಾವ, ಹೇಳುವುದುಂಟು. ಮಣಿಪೂರದ 10 ದಳಗಳಲ್ಲಿ ನಾಚಿಕೆ, ಅಸೂಯೆ, ಭಯ ಬರುತ್ತವೆ. ಹೃದಯದ ಬಳಿಯ ಅನಾಹತ ಚಕ್ರದ 12ರಲ್ಲಿ ಆಸೆ, ಚಿಂತೆ, ನನ್ನದೆಂಬ ಭಾವ, ಅಹಂಕಾರ. ಹೃದಯದ ಚಕ್ರ ಅಂದರೆ ಬರೀ ಪ್ರೀತಿ ಅಲ್ಲವೇ ಅಲ್ಲ! ಇವೆಲ್ಲ ಎಲ್ಲರಲ್ಲೂ ಏಳುವಂಥವು, ಸಾಧಕ ದಾಟಬೇಕಾದವು.

ಚಕ್ರಗಳನ್ನು ಮನಶ್ಶಾಸ್ತ್ರದ ಕಣ್ಣಿನಿಂದ ನೋಡುವುದು ಬೆಳೆದದ್ದು 20ನೇ ಶತಮಾನದಲ್ಲಿ. 1932ರಲ್ಲಿ ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ ಜ್ಯೂರಿಕ್‌ನಲ್ಲಿ, ಚಕ್ರಗಳ ಮೂಲಕ ಶಕ್ತಿಯನ್ನು ಮೇಲೇರಿಸುವ ಕುಂಡಲಿನಿ ಯೋಗದ ಬಗ್ಗೆ ಉಪನ್ಯಾಸ ಕೊಟ್ಟಿದ್ದರು.

ಧ್ಯಾನ ಖಂಡಿತ ಮಾಡಿ. ಆದರೆ ಸಿಟ್ಟು ಕೈಮೀರಿದರೆ ಮನೋವೈದ್ಯರನ್ನು ಕಾಣಿ.